ದೊಡ್ಡಪ್ಪನ ಅರ್ಧ ಬಟ್ಟಲು ಸೂಪು

ನಮ್ಮ ದೊಡ್ಡಪ್ಪನಿಗೆ ಸುಳ್ಳು ಹೇಳಲು ಬರುವುದಿಲ್ಲ. ಬಾಯಿ ತೆರೆಯುವ ಮೊದಲೇ ಎರಡೂ ಕಿವಿ ಕೆಂಪಗಾಗಿಬಿಡುತ್ತವೆ. ಅಂಥ ಮನುಷ್ಯ ಮದುವೆಯಾದಾಗಿನಿಂದ ಕೆಲಸ ಬಿಡುವವರೆಗೂ ದೊಡ್ಡಮ್ಮನಿಗೆ ಒಂದೇ ಸುಳ್ಳನ್ನು ಹೇಳುತ್ತಾ ಬಂದು ಅದನ್ನು ದಕ್ಕಿಸಿಕೊಂಡರು. ಹೇಗೆ ಅಂತೀರಾ? ಫೋನಿನಲ್ಲಿ ಕಿವಿ ಕಾಣುವುದಿಲ್ಲ.

ದೊಡ್ಡಪ್ಪ ಪ್ರವಾಸಿ ಹಡಗೊಂದರಲ್ಲಿ ಊಟದ ಹಾಲ್‌ನ ಮೇಲ್ವಿಚಾರಕರಾಗಿದ್ದರು. ರಜೆ ಕಳೆಯಲು ಬಂದ ಜನರನ್ನು ತುಂಬಿಕೊಂಡು, ನಡುವೆ ಎಲ್ಲೂ ನೆಲದ ಮುಖ ಕಾಣದ ಹಾಗೆ, ಈ ದಡದಿಂದ ಆ ದಡಕ್ಕೆ ಸಾಗರ ದಾಟುವ ಹಡಗು. ವರ್ಷದ ಮುಕ್ಕಾಲು ಪಾಲು ಅವರಿಗೆ ನೀರಿನ ಮೇಲೆಯೇ. ಮನೆಗೆ ಬಂದಾಗಲೂ ಲೋಟವನ್ನು ಮೇಜಿನ ಅಂಚಿನಿಂದ ಒಂದು ಗೇಣು ಒಳಕ್ಕೆ ತಳ್ಳಿಯೇ ಕೂರುತ್ತಿದ್ದರು. ನೆಲ ಅಲುಗಾಡುವುದಿಲ್ಲ ಎಂಬ ನಂಬಿಕೆ ಅವರಿಗೆ ಕೊನೆಗೂ ಬರಲಿಲ್ಲ.

ಹಡಗಿನಲ್ಲಿ ಅವರದೊಂದು ಕಟ್ಟಾಜ್ಞೆ ಇತ್ತು. ಮೇಲಿನ ಚುಕ್ಕಾಣಿ ಕೋಣೆಯಿಂದ ದಿನಾ ಅಡುಗೆಮನೆಗೆ ಸುದ್ದಿ ಬರುತ್ತಿತ್ತು: ಗಾಳಿ ಎಷ್ಟು, ಅಲೆ ಎಷ್ಟೆತ್ತರ, ಅಲೆ ಹಡಗಿನ ಮೂತಿಗೆ ಬಡಿಯುತ್ತದೋ ಪಕ್ಕೆಗೆ ಬಡಿಯುತ್ತದೋ. ಅದನ್ನು ಕೇಳಿ ದೊಡ್ಡಪ್ಪ ಸೂಪಿನ ಅಳತೆ ಹೇಳಬೇಕು. ಸಮುದ್ರ ಕನ್ನಡಿಯ ಹಾಗಿದ್ದರೆ ತುಂಬಿದ ಬಟ್ಟಲು. ಸ್ವಲ್ಪ ತೂಗಾಟವಿದ್ದರೆ ಮುಕ್ಕಾಲು. ಜೋರಿದ್ದರೆ ಅರ್ಧ, ಜೊತೆಗೆ ಮೇಜುಬಟ್ಟೆಗೆ ನೀರು ಚಿಮುಕಿಸಬೇಕು, ಒದ್ದೆ ಬಟ್ಟೆಯ ಮೇಲೆ ತಟ್ಟೆ ಜಾರುವುದಿಲ್ಲ. ಅದಕ್ಕಿಂತ ಜೋರಾದರೆ ಕಾಲು ಬಟ್ಟಲು. ಆಮೇಲೆ ಸೂಪೇ ಇಲ್ಲ, ಬ್ರೆಡ್ಡು ಕೈಲಿ ಹಿಡಿದು ತಿನ್ನಿ. ಸಾಗರದ ನಡುವೆ ಹೆಚ್ಚಿನ ದಿನವೂ ಅರ್ಧವೇ. ಹಾಗಾಗಿ ಅಡುಗೆಯವರು ಅವರನ್ನು ಬೆನ್ನ ಹಿಂದೆ 'ಅರ್ಧಬಟ್ಲು' ಅಂತಲೇ ಕರೆಯುತ್ತಿದ್ದರು. ಆಮೇಲಾಮೇಲೆ ಮುಖದೆದುರಿಗೂ ಕರೆಯತೊಡಗಿದರು.

ದೊಡ್ಡಮ್ಮನದು ನೆಲದ ಮೇಲಿನ ಜೀವ. ಬೀದಿಯ ತಿರುವಿನಲ್ಲಿ ಅವಳದೊಂದು ದಿನಸಿ ಅಂಗಡಿ. ತಕ್ಕಡಿಯ ಮುಂದೆ ಕೂತಳೆಂದರೆ ಒಂದು ಕಾಳು ಆ ಕಡೆ ಈ ಕಡೆ ಆಗುವುದಿಲ್ಲ. ಅವಳಿಗೆ ಅಳತೆಯಲ್ಲಿ ಮೋಸ ಮಾಡುವವರು ಇನ್ನೂ ಹುಟ್ಟಿಲ್ಲ ಎಂದು ಬೀದಿಗೆ ಬೀದಿಯೇ ನಂಬಿತ್ತು. ಆದರೆ ಸಮುದ್ರವೆಂದರೆ ಜೀವ ಬಾಯಿಗೆ ಬರುತ್ತಿತ್ತು. ಮದುವೆಯಾದ ಹೊಸತರಲ್ಲಿ ರೇಡಿಯೋದಲ್ಲಿ ಎಲ್ಲೋ ಸಾಗರದಲ್ಲಿ ಬಿರುಗಾಳಿ ಎಂದು ಕೇಳಿ, ದೊಡ್ಡಪ್ಪನ ಫೋನು ಬರುವವರೆಗೂ ಅನ್ನ ನೀರು ಬಿಟ್ಟು ಕೂತಿದ್ದಳಂತೆ. ಆಗ ಹಡಗಿನಿಂದ ಫೋನು ಬಲು ದುಬಾರಿ, ಎರಡೇ ಮಾತು. ಅದಕ್ಕೇ ಇಬ್ಬರೂ ಒಂದು ಒಪ್ಪಂದ ಮಾಡಿಕೊಂಡರು. ಅವಳು ಕೇಳುವುದು: "ಸೂಪ್ ಎಷ್ಟು?" ಅವರು ಆ ದಿನದ ಅಳತೆ ಹೇಳಬೇಕು. ಪ್ರತಿ ಸಲವೂ ಬರುತ್ತಿದ್ದ ಉತ್ತರ: "ತುಂಬಿದ ಬಟ್ಟಲು." ಅಷ್ಟು ಕೇಳಿದರೆ ಸಾಕು, ದೊಡ್ಡಮ್ಮ ಫೋನಿಟ್ಟು, ಅಂಗಡಿ ಬಾಗಿಲೆಳೆದು, ಹೊದ್ದು ಮಲಗಿ ಗೊರಕೆ ಹೊಡೆಯುತ್ತಿದ್ದಳು.

ಮುಕ್ಕಾಲು, ಅರ್ಧ, ಕಾಲು ಎಂಬ ಮಾತು ಆ ಫೋನಿನಲ್ಲಿ ಒಮ್ಮೆಯೂ ಬರಲಿಲ್ಲ. ಅನುಮಾನ ಬರಬಾರದೇ? ಬರಲಿಲ್ಲ. ತಕ್ಕಡಿಯ ದೊಡ್ಡಮ್ಮ ಇದೊಂದು ವಿಷಯದಲ್ಲಿ ಬೆಪ್ಪುತಕ್ಕಡಿ.

ದೊಡ್ಡಪ್ಪನ ಕೊನೆಯ ಪ್ರಯಾಣ ಬಂತು. ಕೆಲಸ ಬಿಡುವವರು ಮನೆಯ ಇಬ್ಬರನ್ನು ಕರೆದುಕೊಂಡು ಬರಬಹುದು, ದಡ ಸೇರುವ ಕೆಲವು ದಿನ ಮೊದಲು ಊಟದ ಹಾಲ್‌ನಲ್ಲಿ ಬೀಳ್ಕೊಡುಗೆ ಊಟ, ಕ್ಯಾಪ್ಟನ್ ಪಕ್ಕದಲ್ಲೇ ಕೂರುವುದು. ತಾನು ಕೆಲಸ ಮಾಡುವುದನ್ನು ಹೆಂಡತಿ ಒಂದು ಸಲವಾದರೂ ನೋಡಬೇಕು ಎಂಬುದು ದೊಡ್ಡಪ್ಪನ ಬಹಳ ದಿನದ ಆಸೆ. ದೊಡ್ಡಮ್ಮ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಕೊನೆಗೆ, "ಇಷ್ಟು ವರ್ಷ ತುಂಬಿದ ಬಟ್ಟಲೇ ಅಂದಿದ್ದೀರಲ್ಲ, ಆ ಮಾತಿನ ಮೇಲೆ ಬರ್ತೀನಿ. ಜೊತೆಗೆ ಇವಳೂ ಬರಲಿ," ಎಂದು ನನ್ನತ್ತ ಬೆರಳು ತೋರಿಸಿದಳು. ನಾನು ಅವಳ ತಂಗಿಯ ಮಗಳು, ಹೊಲಿಗೆ ಅಂಗಡಿ ಇಟ್ಟವಳು. ಬೀಳ್ಕೊಡುಗೆ ಊಟಕ್ಕೆಂದು ದೊಡ್ಡಮ್ಮನಿಗೆ ಕೆನೆಬಣ್ಣದ ಉಡುಪು ಹೊಲಿದು, ಕತ್ತಿನಿಂದ ಮಡಿಲಿನವರೆಗೂ ಕಣ್ಣು ಬಿದ್ದುಹೋಗುವಷ್ಟು ಸಣ್ಣ ಕಸೂತಿ ಹಾಕಿಕೊಟ್ಟೆ. ಈ ಉಡುಪನ್ನು ನೆನಪಿಟ್ಟುಕೊಳ್ಳಿ, ನನಗಂತೂ ಮರೆಯಲು ಆಗಿಲ್ಲ.

ಹಡಗು ಹತ್ತಿದ ದಿನವೇ ದೊಡ್ಡಪ್ಪ ನನ್ನನ್ನು ಪಾತ್ರೆ ತೊಳೆಯುವ ಕೋಣೆಯ ಪಕ್ಕಕ್ಕೆ ಕರೆದು ಬಾಯಿಬಿಟ್ಟರು. "ಇಷ್ಟು ವರ್ಷ ಅವಳಿಗೆ ಹೇಳಿದ್ದೆಲ್ಲ ಬರೀ ಬುರುಡೆ ಕಣಮ್ಮ. ಅದು ಗೊತ್ತಾದ್ರೆ ನನ್ನ ಮಾತನ್ನ ಅವಳು ಇನ್ನೊಂದು ಸಲ ನಂಬಲ್ಲ. ನಾನು ಇನ್ಮೇಲೆ ಮನೇಲೇ ಇರೋನು. ನಂಬದೇ ಇರೋ ಹೆಂಡತಿ ಜೊತೆ ಹೇಗಮ್ಮ ಇರೋದು?"

"ಅದಕ್ಕೆ ನಾನೇನು ಮಾಡ್ಲಿ ದೊಡ್ಡಪ್ಪ?"

"ದಿನಾ ಸೂಪಿನ ಲೆಕ್ಕ ನೀನೇ ಹೇಳು. ನನ್ನ ಕಿವಿ ಕಂಡ್ರೆ ಅವಳು ಹಿಡಿದುಬಿಡ್ತಾಳೆ. ಬೀಳ್ಕೊಡುಗೆ ಊಟದ ತನಕ ಅವಳನ್ನ ಊಟದ ಹಾಲ್ ಕಡೆ ಬಿಡಬೇಡ, ಊಟ ನಿಮ್ಮ ಕೋಣೆಗೇ ಕಳಿಸ್ತೀನಿ."

ಅವರ ಮುಖ ನೋಡಿ ಅಯ್ಯೋ ಅನ್ನಿಸಿತು. ಒಪ್ಪಿಕೊಂಡೆ.

ಅವರು ನಮಗೆ ಹಡಗಿನ ಹೊಟ್ಟೆಯ ನಟ್ಟನಡುವೆ, ಕೆಳಗಿನ ಅಂತಸ್ತಿನಲ್ಲಿ ಕೋಣೆ ಕೊಡಿಸಿದ್ದರು. ಹಡಗು ಎಷ್ಟೇ ಕುಣಿದರೂ ಅಲ್ಲಿ ಕುಣಿತ ಕಮ್ಮಿ. ಮೊದಲು ಎಲ್ಲವೂ ಸುಸೂತ್ರವಾಗಿಯೇ ನಡೆಯಿತು. ಆಕಾಶ ತಿಳಿಯಾಗಿತ್ತು, ನೀರು ನುಣ್ಣಗಿತ್ತು. ದೊಡ್ಡಮ್ಮ ಹೊರಗಿನ ಕುರ್ಚಿಯಲ್ಲಿ ಕಾಲು ಚಾಚಿ, "ಇದಕ್ಕೇನೇ ನಾನು ಹೆದರಿದ್ದು?" ಎಂದು ಸಮುದ್ರವನ್ನು ಅಂಗಡಿಗೆ ಬಂದ ಹೊಸ ಗಿರಾಕಿಯನ್ನು ಅಳೆಯುವ ಹಾಗೆ ಅಳೆದಳು. ನಮ್ಮ ಬಳಿಗೆ ಬರುತ್ತಿದ್ದ ದೊಡ್ಡಪ್ಪನನ್ನು ಕಂಡು ಅಡುಗೆಯವನೊಬ್ಬ ದೂರದಿಂದ, "ಏನ್ ಅರ್ಧಬಟ್ಲು, ಅಮ್ಮಾವ್ರು ಬಂದ್ರಾ?" ಎಂದು ಕೂಗಿದ. ದೊಡ್ಡಮ್ಮ ನನ್ನತ್ತ ತಿರುಗಿದಳು. "ದೊಡ್ಡಪ್ಪ ಕಮ್ಮಿ ತಿಂತಾರಲ್ಲ, ಅದಕ್ಕೆ ಹಾಗೆ ಕರೀತಾರೆ," ಎಂದೆ. ನನ್ನ ಕಿವಿ ನನ್ನ ಮಾತು ಕೇಳುತ್ತದೆ, ಕೆಂಪಗಾಗುವುದಿಲ್ಲ.

ದಡದ ನೆನಪೂ ಹಿಂದೆ ಬಿದ್ದ ಮೇಲೆ ಸಾಗರ ತನ್ನ ಬುದ್ಧಿ ತೋರಿಸಿತು. ಬಿಸಿಲು ಹೊಳೆಯುತ್ತಿದೆ, ಗಾಳಿಯ ಸುಳಿವಿಲ್ಲ, ಆದರೆ ನೀರು ಮಾತ್ರ ಉದ್ದುದ್ದ ದಿಣ್ಣೆಗಳಾಗಿ ಎದ್ದು ಪಕ್ಕದಿಂದ ಬರುತ್ತಿದೆ. ಎಲ್ಲೋ ಬಹಳ ದೂರದಲ್ಲಿ ಎದ್ದ ಬಿರುಗಾಳಿ ಕಳಿಸಿದ ಅಲೆ ಅದು, ಗಾಳಿ ಸತ್ತ ಮೇಲೂ ಅಲೆ ನಡೆಯುತ್ತಲೇ ಇರುತ್ತದೆ ಎಂದು ದೊಡ್ಡಪ್ಪ ವಿವರಿಸಿದರು. ಈಜುಕೊಳದ ನೀರು ತಾನೇ ತಾನಾಗಿ ಆಚೆ ಹಾರಿತೆಂದು ಅದನ್ನು ಖಾಲಿ ಮಾಡಿ ಬಲೆ ಹಾಕಿದರು. ಲಿಫ್ಟಿನ ಪಕ್ಕದ ಕಂಬಿಗೆ ಕಾಗದದ ಚೀಲಗಳು ಬಂದವು. ಅವು ಯಾತಕ್ಕೆಂದು ನಾನು ಯಾರನ್ನೂ ಕೇಳಬೇಕಾಗಲಿಲ್ಲ, ಮೊದಲ ಚೀಲ ನನಗೇ ಬೇಕಾಯಿತು.

ಕೋಣೆಯಲ್ಲಿ ನಾನು ಹಸಿರು ಸೇಬು ಕಚ್ಚಿಕೊಂಡು, ಗೋಡೆಗೆ ಒರಗಿ, "ಇವತ್ತೂ ತುಂಬಿದ ಬಟ್ಟಲೇ ದೊಡ್ಡಮ್ಮ," ಎಂದು ಹೇಳುವುದು. ಹೇಳಿ ಬಚ್ಚಲಿಗೆ ಓಡುವುದು.

"ಮತ್ತೆ ಆ ಪರದೆ ಯಾಕೆ ಗೋಡೆ ಬಿಟ್ಟು ಆಚೆ ನಿಂತಿದೆ?"

"ಎ.ಸಿ. ಗಾಳಿ."

"ನೀನ್ಯಾಕೆ ಹೀಗೆ ಬಾಡಿ ಬದನೆಕಾಯಿ ಆಗಿದ್ದೀಯ?"

"ನಿನ್ನೆ ತಿಂದದ್ದು ಹಿಡಿಸ್ಲಿಲ್ಲ."

ದೊಡ್ಡಮ್ಮನ ಹೊಟ್ಟೆ ಕಬ್ಬಿಣದ್ದು. ನನ್ನ ಪಾಲಿನ ಬಿಸ್ಕತ್ತನ್ನೂ ಮುಗಿಸಿ, ನನ್ನ ಬೆನ್ನು ಸವರಿ, ಉಪ್ಪಿನಕಾಯಿ ಇದ್ದಿದ್ದರೆ ಚೆನ್ನಾಗಿತ್ತು ಎಂದು ಕನವರಿಸುತ್ತಿದ್ದಳು. ಸಮುದ್ರಕ್ಕೆ ಹೆದರದ ನಾನು ನೆಲ ಕಚ್ಚಿದ್ದೆ, ಹೆದರುತ್ತಿದ್ದವಳು ಗುಂಡುಕಲ್ಲಿನ ಹಾಗೆ ಕೂತಿದ್ದಳು. ನನಗೆ ಸಿಟ್ಟೂ ಬಂತು, ನಗುವೂ ಬಂತು.

ಬೀಳ್ಕೊಡುಗೆ ಊಟದ ದಿನವೂ ಅಲೆ ಇಳಿಯಲಿಲ್ಲ. ಚುಕ್ಕಾಣಿ ಕೋಣೆಯಿಂದ ಸುದ್ದಿ ಬಂತು, ಅಡುಗೆಮನೆಯಲ್ಲಿ ದೊಡ್ಡಪ್ಪ ಕೊನೆಯ ಸಲ ಅಳತೆ ಹೇಳಿದರು: ಅರ್ಧ. ಮೇಜುಬಟ್ಟೆಗಳಿಗೆ ತಾವೇ ನೀರು ಚಿಮುಕಿಸಿದರು. ದೊಡ್ಡಮ್ಮ ಕೆನೆಬಣ್ಣದ ಉಡುಪು ತೊಟ್ಟು, ಹಜಾರದ ಗೋಡೆಗೆ ಕಟ್ಟಿದ್ದ ಹಗ್ಗವನ್ನು ಅಲಂಕಾರವೆಂದೇ ತಿಳಿದು ಹಿಡಿದುಕೊಂಡು, ನನ್ನ ತೋಳಿಗೆ ತೋಳು ಸೇರಿಸಿ ಬಂದು ಕ್ಯಾಪ್ಟನ್ ಪಕ್ಕದಲ್ಲಿ ಕೂತಳು. ನಿಜ ಹೇಳುತ್ತೇನೆ, ಅವಳು ಅಷ್ಟು ಚೆನ್ನಾಗಿ ಕಂಡದ್ದನ್ನು ನಾನು ನೋಡಿರಲಿಲ್ಲ.

ಅವಳು ನೋಡುತ್ತಿದ್ದದ್ದು ದೊಡ್ಡಪ್ಪನನ್ನು. ಮನೆಯಲ್ಲಿ ಚಪ್ಪಲಿ ಹುಡುಕಿಕೊಳ್ಳಲೂ ಬಾರದ ಮನುಷ್ಯ ಇಲ್ಲಿ, ವಾಲುವ ನೆಲದ ಮೇಲೆ, ಮೂರು ತಟ್ಟೆ ಒಂದು ಕೈಯಲ್ಲಿ ಹಿಡಿದು ಒಂದು ಹನಿ ಚೆಲ್ಲದೆ ತೇಲಿಕೊಂಡು ಹೋಗುತ್ತಿದ್ದರು. ನೆಲ ಎಡಕ್ಕೆ ಇಳಿದರೆ ಅವರು ಬಲಕ್ಕೆ ವಾಲುತ್ತಿದ್ದರು, ನೆಲ ಏಳುವ ಮೊದಲೇ ಮಂಡಿ ಬಾಗುತ್ತಿತ್ತು. "ನೋಡೇ, ನೋಡೇ," ಎಂದು ದೊಡ್ಡಮ್ಮ ನನ್ನ ತೋಳು ಚಿವುಟಿದಳು. ಅವಳ ಕಣ್ಣು ತುಂಬಿತ್ತು.

ಸೂಪು ಬಂತು. ಎಲ್ಲರಿಗೂ ಅರ್ಧ. ದೊಡ್ಡಮ್ಮನ ಬಟ್ಟಲನ್ನು ಮಾತ್ರ ದೊಡ್ಡಪ್ಪ ತಾವೇ ತಂದರು, ಕಂಠಪೂರ್ತಿ ತುಂಬಿ.

ಎಷ್ಟೋ ಹೊಸಬರನ್ನು ಇದೇ ತಪ್ಪಿಗೆ ಬೈದು ಬೆಂಡೆತ್ತಿದ ಮನುಷ್ಯ! ಅವಳು ತನ್ನ ಬಟ್ಟಲು ಬಿಟ್ಟು ಬೇರೆ ನೋಡುವುದಿಲ್ಲ ಎಂದುಕೊಂಡರೋ, ಎರಡು ಅಲೆಗಳ ನಡುವೆ ಅವಳು ಕುಡಿದು ಮುಗಿಸುತ್ತಾಳೆ ಎಂದುಕೊಂಡರೋ, ಕೇಳಿದರೆ ಇವತ್ತಿಗೂ ಹೇಳುವುದಿಲ್ಲ. ಬಟ್ಟಲು ಇಟ್ಟು ಕೈ ತೆಗೆಯುವಷ್ಟರಲ್ಲಿ ಹಡಗು ಒಂದು ಸಲ ಮೈಮುರಿಯಿತು. ಟೊಮೆಟೊ ಸೂಪು ಅಷ್ಟೂ ದೊಡ್ಡಮ್ಮನ ಮಡಿಲಿಗೆ.

ನನ್ನ ಕಸೂತಿ! ನಾನು ಕಿರುಚಿದ್ದು ಇಡೀ ಹಾಲ್‌ಗೆ ಕೇಳಿತು. ಸದ್ಯ, ಸೂಪು ಸುಡುವಷ್ಟು ಬಿಸಿ ಇರಲಿಲ್ಲ. ದೊಡ್ಡಪ್ಪ ಟವೆಲ್ ಹಿಡಿದು ಕಂಬದ ಹಾಗೆ ನಿಂತುಬಿಟ್ಟರು.

ದೊಡ್ಡಮ್ಮ ಉಡುಪು ನೋಡಿಕೊಳ್ಳಲಿಲ್ಲ. ನನ್ನ ಬಟ್ಟಲು ನೋಡಿದಳು. ಕ್ಯಾಪ್ಟನ್ ಬಟ್ಟಲು ನೋಡಿದಳು. ಪಕ್ಕದ ಮೇಜಿನ ಬಟ್ಟಲುಗಳನ್ನೂ ನೋಡಿದಳು. ತಕ್ಕಡಿಯ ಕಣ್ಣು ಅದು. ಆಮೇಲೆ ಮೇಜುಬಟ್ಟೆ ಮುಟ್ಟಿ, ಬೆರಳಿಗೆ ಬಂದ ನೀರನ್ನು ಉಜ್ಜಿ ನೋಡಿದಳು.

"ಎಲ್ಲರಿಗೂ ಯಾಕೆ ಅರ್ಧ?"

ಕ್ಯಾಪ್ಟನ್ ಪಾಪ, ಏನೂ ಅರಿಯದವರು. ಹೊಗಳುವ ಉಮೇದಿನಲ್ಲಿ, "ಅದು ನಿಮ್ಮ ಯಜಮಾನರದ್ದೇ ಕಾನೂನು ಅಮ್ಮ! ಅಲೆ ಇದ್ರೆ ಅರ್ಧ. ಈ ದಾರೀಲಿ ತುಂಬಿದ ಬಟ್ಟಲು ಸಿಗೋದೇ ಅಪರೂಪ. ಹೋದ ವರ್ಷ ಒಂದು ಸಲ ಸೂಪೇ ಇರ್ಲಿಲ್ಲ, ಕುರ್ಚಿಗಳನ್ನೆಲ್ಲ ಹಗ್ಗದಲ್ಲಿ ಕಟ್ಟಿದ್ವಿ," ಎಂದು ಗುಟ್ಟನ್ನೆಲ್ಲ ಬಡಿಸಿಬಿಟ್ಟರು.

ದೊಡ್ಡಪ್ಪನ ಕಿವಿಯೂ ಸೂಪೂ ಒಂದೇ ಬಣ್ಣ.

"ಹೋದ ವರ್ಷ ದಿನಾ ತುಂಬಿದ ಬಟ್ಟಲು ಅಂದ್ರಿ," ಎಂದಳು ದೊಡ್ಡಮ್ಮ. ದನಿ ಏರಲಿಲ್ಲ. ಏರಿದ್ದರೆ ಚೆನ್ನಾಗಿತ್ತು.

"ನೀನು ನಿದ್ದೆ ಮಾಡ್ಬೇಕಿತ್ತಲ್ಲ," ಎಂದರು ದೊಡ್ಡಪ್ಪ.

"ನಾನು ಮಾಡ್ದೆ. ನೀವು?"

ದೊಡ್ಡಪ್ಪ ಕೈಲಿದ್ದ ಟವೆಲನ್ನು ಮಡಚತೊಡಗಿದರು.

"ಕೇಳಿದ್ದಕ್ಕೆ ಹೇಳ್ರೀ. ನಾನು ಅಲ್ಲಿ ಗೊರಕೆ ಹೊಡೀತಾ ಇರೋವಾಗ, ನೀವು ಇಲ್ಲಿ ಒಬ್ರೇ ಕುರ್ಚಿ ಕಟ್ಕೊಂಡು ತೂಗಾಡ್ತಾ ಇದ್ರಾ? ಹೆದರಿಕೆ ಆದ್ರೆ ಯಾರ ಹತ್ರ ಹೇಳ್ಕೊಳ್ತಿದ್ರಿ?"

"ಯಾರ ಹತ್ರಾನೂ ಇಲ್ಲ."

ಆಗ ದೊಡ್ಡಮ್ಮನಿಗೆ ಸಿಟ್ಟು ಬಂತು ನೋಡಿ! ಸುಳ್ಳು ಹೇಳಿದ್ದಕ್ಕಲ್ಲ, ತನ್ನನ್ನು ಬಿಟ್ಟು ಒಬ್ಬರೇ ಹೆದರಿದ್ದಕ್ಕೆ. "ಹೆಂಡತಿ ಅಂತ ಇಟ್ಕೊಂಡಿರೋದು ಯಾತಕ್ಕೆ, ಬರೀ ಸಕ್ಕರೆ ತೂಗೋಕಾ?" ಎಂದಳು. ಟವೆಲ್ ಕಿತ್ತುಕೊಂಡು ಮಡಿಲು ಒರೆಸಿಕೊಂಡಳು. ಖಾಲಿ ಬಟ್ಟಲನ್ನು ಅವರ ಕೈಗೆ ತುರುಕಿ, "ಹೋಗಿ, ನನಗೂ ಅರ್ಧ ತನ್ನಿ. ಇನ್ಮೇಲೆ ಎಷ್ಟಿದೆಯೋ ಅಷ್ಟೇ ಹಾಕ್ಬೇಕು," ಎಂದಳು.

ದೊಡ್ಡಪ್ಪ ಓಡಿದರು. ಅಡುಗೆಮನೆಯ ಬಾಗಿಲಲ್ಲಿ ಇಣುಕುತ್ತಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಅರ್ಧ ಬಟ್ಟಲು ಬಂತು. ದೊಡ್ಡಮ್ಮ ಕುಡಿದು, ಮೀನೂ ತಿಂದು, ಸಿಹಿಯನ್ನು ಎರಡನೇ ಸಲ ಹಾಕಿಸಿಕೊಂಡಳಂತೆ. ನಾನು ನೋಡಲಿಲ್ಲ. ನಾನು ಅಷ್ಟು ಹೊತ್ತಿಗೆ ಲಿಫ್ಟಿನ ಪಕ್ಕದ ಕಂಬಿಯ ಬಳಿ ಇದ್ದೆ.

ಕೋಣೆಗೆ ಬಂದು ದೊಡ್ಡಮ್ಮ ನನ್ನ ಕಿವಿ ಹಿಂಡಿದಳು. "ಎ.ಸಿ. ಗಾಳಿಯಂತೆ!" ಮರುದಿನದಿಂದ ಗಂಡ ಹೆಂಡತಿ ಇಬ್ಬರೂ ಮೇಲಿನ ಅಂತಸ್ತಿನಲ್ಲಿ ಕಂಬಿ ಹಿಡಿದು ನಿಂತು, ಬರುವ ಒಂದೊಂದು ಅಲೆಗೂ ಅಳತೆ ಹೇಳುತ್ತಿದ್ದರು. "ಇದು ಮುಕ್ಕಾಲು." "ಇಲ್ಲ ರೀ, ಗಟ್ಟಿ ಅರ್ಧ." ತೂಕದ ವಿಷಯದಲ್ಲಿ ದೊಡ್ಡಮ್ಮ ಅಲೆಯನ್ನೂ ಬಿಡುವವಳಲ್ಲ. ನಾನು ಕಿಟಕಿಯ ಒಳಗಿನಿಂದ ಸೇಬು ಕಚ್ಚುತ್ತಾ ನೋಡಿದೆ. ಖುಷಿಯಾಯಿತು. ಕಸೂತಿಯ ಮೇಲಿನ ಕಲೆ ಮಾತ್ರ ಹೋಗಲಿಲ್ಲ. ಆ ಉಡುಪನ್ನು ಬಿಸಾಡಲೂ ದೊಡ್ಡಮ್ಮ ಬಿಡಲಿಲ್ಲ.

ದೊಡ್ಡಪ್ಪ ಈಗ ಮನೆಯಲ್ಲೇ ಇದ್ದಾರೆ. ಅಂಗಡಿಯಲ್ಲಿ ಡಬ್ಬಗಳನ್ನು ಅಂಚಿನಿಂದ ಒಳಕ್ಕೆ ತಳ್ಳುವ ಕೆಲಸ ಮಾಡುತ್ತಾರೆ. ಹೋದ ತಿಂಗಳು ಅವರ ಕಣ್ಣಿನ ಪೊರೆ ತೆಗೆಸುವುದಿತ್ತು. "ಇಷ್ಟಕ್ಕೆಲ್ಲ ಜೊತೆಗೆ ಜನ ಬೇಕಾ? ನೀನು ಅಂಗಡಿ ನೋಡ್ಕೋ," ಎಂದು ಎದೆ ಸೆಟೆಸಿಕೊಂಡು ಒಬ್ಬರೇ ಆಸ್ಪತ್ರೆಗೆ ಹೋದರು. ನಾನು ಗುಂಡಿ ಕೊಳ್ಳಲು ಪಕ್ಕದ ಅಂಗಡಿಗೆ ಬಂದವಳು ದೊಡ್ಡಮ್ಮನನ್ನು ಮಾತಾಡಿಸುತ್ತಾ ನಿಂತಿದ್ದೆ. ಅವಳು ಗಿರಾಕಿಯೊಬ್ಬರಿಗೆ ಸಕ್ಕರೆ ತೂಗುತ್ತಿದ್ದಳು. ಫೋನ್ ಬಂತು.

"ಸೂಪ್ ಎಷ್ಟು?" ಎಂದಳು ದೊಡ್ಡಮ್ಮ, ಹಳೇ ಅಭ್ಯಾಸದ ಮೇಲೆ.

ಆ ಕಡೆ ದೊಡ್ಡಪ್ಪ. ಫೋನಿನಲ್ಲಿ ಕಿವಿ ಕಾಣುವುದಿಲ್ಲ; ಬೇಕಿದ್ದರೆ ತುಂಬಿದ ಬಟ್ಟಲು ಅನ್ನಬಹುದಿತ್ತು. ನನಗೂ ಕೇಳುವಷ್ಟು ದೊಡ್ಡ ದನಿಯಲ್ಲಿ ದೊಡ್ಡಪ್ಪ ಹೇಳಿದರು:

"ಕಾಲು ಬಟ್ಟಲು ಕಣೇ. ಬರ್ತೀಯಾ?"

ದೊಡ್ಡಮ್ಮ ತೂಕ ಮುಗಿಸಲಿಲ್ಲ. ಸಕ್ಕರೆ ತಕ್ಕಡಿಯಲ್ಲೇ ಇತ್ತು, ಗಿರಾಕಿ ಬಾಯಿ ಬಿಟ್ಟುಕೊಂಡು ನಿಂತಿದ್ದರು. ಚಪ್ಪಲಿ ಮೆಟ್ಟಿಕೊಂಡು, "ಹೇಳಿದ್ರು ನೋಡೇ!" ಎಂದು ನಗುನಗುತ್ತಲೇ ಬೀದಿಗಿಳಿದು ಆಸ್ಪತ್ರೆಯ ಕಡೆ ಬಿರಬಿರನೆ ನಡೆದಳು. ಉಳಿದ ಸಕ್ಕರೆಯನ್ನು ನಾನೇ ತೂಗಿ ಕೊಟ್ಟೆ.