ಖಾಲಿ ಸ್ಟೇಡಿಯಮ್ಮಿಗೆ ಒಂದು ಸೀಟಿ

ಕೊರೋನಾ ಕಾಲದಲ್ಲಿ ನಾನು ಬೀದರಿನ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದೆ. ಸಂತಪುರದ ಕಡೆ ಕುರಿ ಕಾಯುವ ಮಾಳಪ್ಪ ಕಾಕಾ ನನ್ನ ವಾರ್ಡಿನಲ್ಲಿದ್ದರು. ಶ್ವಾಸಕೋಶಕ್ಕೆ ವ್ಯಾಯಾಮವಾಗಲೆಂದು, ಉಸಿರೆಳೆದು ಚೆಂಡು ಮೇಲೇರಿಸುವ ಪ್ಲಾಸ್ಟಿಕ್ ಡಬ್ಬಿ ಕೊಟ್ಟರೆ, "ಇದು ಹುಡುಗ್ರು ಆಡೋ ಸಾಮಾನರಿ" ಎಂದು ದಿಂಬಿನ ಕೆಳಗೆ ತುರುಕಿಬಿಟ್ಟಿದ್ದರು. ಅವರ ಎದೆಯಲ್ಲಿ ಎಷ್ಟು ಗಾಳಿ ಉಳಿದಿದೆಯೋ ಎನ್ನುವುದೇ ನನ್ನ ಚಿಂತೆ.

ಒಂದು ಸಂಜೆ ವಾರ್ಡಿನ ಟಿವಿಯಲ್ಲಿ ರಾಷ್ಟ್ರೀಯ ಫುಟ್‌ಬಾಲ್ ಕಪ್ಪಿನ ಫೈನಲ್ ಬರುತ್ತಿತ್ತು. ಪ್ರೇಕ್ಷಕರಿಗೆ ಪ್ರವೇಶವಿರಲಿಲ್ಲ, ಕುರ್ಚಿಗಳೆಲ್ಲ ಖಾಲಿ. ಗೋಲಾಯಿತು. ಚಪ್ಪಾಳೆಯ ಸದ್ದೇ ಇಲ್ಲ.

"ಇಷ್ಟು ಓಡಿ ಗೋಲ್ ಹೊಡದಾನ, ಶಾಬಾಸ್ ಅನ್ಲಾಕ ಒಬ್ಬರೂ ಇಲ್ಲೇನ್ರಿ?" ಎಂದ ಕಾಕಾ ಮಾಸ್ಕ್ ಸರಿಸಿ, ಎರಡು ಬೆರಳು ಬಾಯಿಗಿಟ್ಟು, ದೂರ ಹೋದ ಕುರಿಗಳನ್ನು ತಿರುಗಿಸುವ ಸೀಟಿ ಹೊಡೆದರು. ಇಡೀ ವಾರ್ಡು ಎದ್ದು ಕೂತಿತು. ನಾನು ಬೈಯುತ್ತಲೇ ಅವರ ಬೆರಳಿಗೆ ಸಿಕ್ಕಿಸಿದ್ದ ಆಕ್ಸಿಜನ್ ಮೀಟರ್ ನೋಡಿದೆ. ಅಂಕಿ ಇಳಿದಿರಲಿಲ್ಲ. ಕೆಮ್ಮೂ ಬರಲಿಲ್ಲ. ನನಗೇ ಉಸಿರು ಬಂದಂತಾಯಿತು.

ಸೀಟಿ ಕೇಳಿ ಡಾಕ್ಟರು ಓಡಿ ಬಂದರು. "ಹೊರಗಿನವರಿಗಿ ಒಳಗ ಯಾರು ಬಿಟ್ಟೀರಿ?"

"ಒಳಗ ಯಾರೂ ಬಂದಿಲ್ರಿ ಸರ್," ಅಂದೆ. "ಮನಿಗಿ ಹೋಗವರು ಒಬ್ಬರು ತಯಾರಾಗ್ಯಾರ."