ಬಿರಡೆ ಬಿಚ್ಚಿದ ಕಾಕಾ

ಅವರ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿ ಎರಡಾಗಿತ್ತು. ಹರೆಯದಲ್ಲಿ ಶಹಾಬಾದಿನ ಕಲ್ಲುಗಣಿಯಲ್ಲಿ ಹಾಸುಗಲ್ಲು ಬಿದ್ದದ್ದಂತೆ. ಅದೇ ಕೈಯಿಂದ ಕಲಬುರಗಿಯ ನಮ್ಮ ಪ್ರಯೋಗಾಲಯದ ಗಾಜಿನ ಬಾಟಲಿಗಳನ್ನು ತೊಳೆಯುತ್ತಿದ್ದರು. ಒಂದೂ ಒಡೆದದ್ದು ನಾನು ಕಾಣೆ. ವಾಡಿಯಿಂದ ದಿನಾ ಪ್ಯಾಸೆಂಜರ್ ರೈಲಿಗೆ ಬಂದು ಎಲ್ಲರಿಗಿಂತ ಮೊದಲು ಬಾಗಿಲು ತೆಗೆಯುವ ಅಟೆಂಡರ್. ನನಗೆ ಕಾಕಾ. ಅವರಿಗೆ ನಾನು ‘ತಾಯಿ’.

ನನ್ನ ಸಂಶೋಧನೆ ಬ್ಯಾಕ್ಟೀರಿಯಾಗಳ ಮೇಲೆ. ಅವಕ್ಕೆ ಬಿಸಿಲು ಹಿಡಿಯಲು ಬರುವುದಿಲ್ಲ. ನಾವು ತಯಾರಿಸಿದ ಹಳದಿ ಕಣಗಳನ್ನು ಅವುಗಳ ಮೈಗೆ ಅಂಟಿಸಿದರೆ ಕಣ ಬೆಳಕು ಹಿಡಿಯುತ್ತದೆ. ಆ ಬಲದಿಂದ ಜೀವ ಇಂಗಾಲದ ಡೈಆಕ್ಸೈಡನ್ನು ವಿನೆಗರಿನ ಹುಳಿಯಾಗಿಸುತ್ತದೆ. ಇದನ್ನು ಹೇಳಿದಾಗ ಕಾಕಾ ಕಣ್ಣರಳಿಸಿದರು.

“ಅಂದ್ರ ನಮ್ಮ ವಾಡಿ ಸಿಮೆಂಟ್ ಫ್ಯಾಕ್ಟರಿ ಚಿಮಣಿ ಹೊಗಿ ತಿಂತಾವೇನ್ರಿ ತಾಯಿ ಇವು?”

“ತಿನ್ಬೇಕು ಕಾಕಾ. ಮೊದ್ಲು ಬದುಕ್ಬೇಕಲ್ಲ!”

ಬದುಕುತ್ತಿರಲಿಲ್ಲ. ಕಿಟಕಿಯ ಬಿಸಿಲಿಗಿಟ್ಟ ಬಾಟಲಿಗಳಲ್ಲಿ ಏಳು ತಿಂಗಳು ಬರೀ ಸಾವು. ಫೆಲೋಶಿಪ್ ಮುಗಿಯಲು ನಾಲ್ಕೇ ತಿಂಗಳಿತ್ತು. ಪಿಎಚ್‌ಡಿ ಕೈಬಿಡುವುದೇ ಸೈ ಎಂದು ಅಳುತ್ತಿದ್ದೆ.

ಒಂದು ಬೆಳಿಗ್ಗೆ ಬೇಗ ಹೋದೆ. ಕಾಕಾ ಒಂದೊಂದೇ ಬಾಟಲಿಯ ರಬ್ಬರ್ ಬಿರಡೆ ಬಿಚ್ಚಿ, ತುಸು ಹೊತ್ತು ಬಿಟ್ಟು, ಮತ್ತೆ ಒತ್ತಿ ಮುಚ್ಚುತ್ತಿದ್ದರು.

“ಏನ್ ಮಾಡಾಕತ್ತೀರಿ!”

“ಜೀವ ಅದಾವಂತ ನೀವೇ ಹೇಳಿದ್ರಲ್ರಿ. ರಾತ್ರಿಯೆಲ್ಲ ಬಾಯಿ ಬಿಗಿದ್ರ ಹೆಂಗ? ಜರಾ ಉಸರಾಡ್ಲಂತ...”

ಗಾಳಿ ತಾಗಿದರೆ ಸಾಯುವ ಜೀವಗಳವು. ಆ ಒಂದು ಮಾತು ಕಾಕಾನಿಗೆ ಹೇಳಬೇಕೆಂದು ನನಗೆ ಹೊಳೆದೇ ಇರಲಿಲ್ಲ. ಆದರೂ ಹಾಳು ನಾಲಿಗೆ ನನ್ನದು, ಇಡೀ ಕಟ್ಟಡಕ್ಕೆ ಕೇಳುವಂತೆ ಬೈದೆ. “ಗಾಳಿ ತಾಗಿದ್ರ ಇವು ಸಾಯ್ತಾವ! ನನ್ನ ಬಾಳೇ ಹಾಳ ಮಾಡಿದ್ರಿ” ಎಂದುಬಿಟ್ಟೆ.

ಎರಡು ದಿನ ಅವರು ಬರಲಿಲ್ಲ. ನಾಚಿಕೆ ತಡೆಯಲಾಗದೆ ವಾಡಿಗೆ ಹೋದೆ. ಅವರ ಹೆಂಡತಿ ಬಾಗಿಲಲ್ಲೇ, “ಬರ್ರಿ, ಕುಂದ್ರಿ. ಎರಡು ದಿನ ಆಯ್ತು, ರೊಟ್ಟಿ ಮುಟ್ಟವಲ್ರು” ಎಂದರು.

“ತಪ್ಪಾಯ್ತು ಕಾಕಾ” ಎಂದು ಕಾಲು ಹಿಡಿಯಹೋದೆ. ಅವರು ಹಿಂದೆ ಸರಿದರು.

“ನೀವು ಬೈದದ್ದಕ್ಕಲ್ರಿ ತಾಯಿ. ನನ್ನ ಕೈಲೆ ಎಷ್ಟ್ ಜೀವ ಹೋದ್ವು! ಲೆಕ್ಕ ಅದೇನ್ರಿ ಅವಕ್ಕ?”

ಲೆಕ್ಕ ಇತ್ತು, ನನ್ನ ನೋಟ್‌ಬುಕ್ಕಿನಲ್ಲಿ, ಒಂದು ಮಿಲಿಲೀಟರಿಗೆ ಇಷ್ಟು ಎಂದು. ಒಂದೇ ತಟ್ಟೆಯಲ್ಲಿ ಇಬ್ಬರೂ ರೊಟ್ಟಿ ಮುರಿದೆವು.

ಮರುದಿನದಿಂದ ಹೊಸದಾಗಿ ತುಂಬಿದ ಬಾಟಲಿಗಳಿಗೆ ಅವರದೇ ಕಾವಲು. ಮೂರು ವಾರಕ್ಕೆ ಹುಳಿ ಸಿಕ್ಕಿತು. ಕಾಕಾ ಮೂಸಿ ನೋಡಿ, “ಬದುಕ್ಯಾವ!” ಎಂದು ಮಗುವಿನಂತೆ ನಕ್ಕರು.

ನನಗೆ ಪದವಿ ಬರುವ ಹೊತ್ತಿಗೆ ಅವರು ಇರಲಿಲ್ಲ. ಗಣಿಯ ಧೂಳು ತುಂಬಿದ ಎದೆ ಅವರನ್ನು ಉಳಿಸಲಿಲ್ಲ. ಈಗ ನನ್ನ ವಿದ್ಯಾರ್ಥಿನಿಯರು ಕೆಟ್ಟುಹೋದ ಬಾಟಲಿಗಳನ್ನು ತ್ಯಾಜ್ಯದ ಕ್ಯಾನಿಗೆ ಸುರಿಯುವಾಗ ನಾನು ಅಲ್ಲಿ ನಿಲ್ಲಲಾರೆ. ಏನೋ ನೆಪ ಹೇಳಿ ಹೊರಗೆ ಹೋಗಿ ನಿಲ್ಲುತ್ತೇನೆ.