ಆಚೆ ದಡದ ಅಕ್ಕ, ಈಚೆ ದಡದ ದೋಣಿ

ನನಗೆ ಈಜು ಬರುವುದಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡುಬಿಡುವುದು ಮೇಲು, ಏಕೆಂದರೆ ಎರಡು ತಿಂಗಳು ನಾನು ಒಂದು ದೋಣಿ ಕೊಳ್ಳಲೋ ಬೇಡವೋ ಎಂದು ಒದ್ದಾಡಿದ್ದೇನೆ. ಹೊಸ ದೋಣಿಯೂ ಅಲ್ಲ. ಹಿಂಬದಿಗೆ ಹಳೆಯ ಪೆಟ್ರೋಲ್ ಮೋಟಾರೊಂದನ್ನು ಸಿಕ್ಕಿಸಿದ, ಮೊದಲು ಯಾವ ಬಣ್ಣದ್ದಿತ್ತೆಂದು ಅದರ ಒಡೆಯನಿಗೇ ನೆನಪಿಲ್ಲದ ಫೈಬರ್ ದೋಣಿ. “ಈಜಾಕೆ ಬರಲ್ಲ, ದೋಣಿ ಬೇಕಂತೆ” ಎಂದು ನನ್ನ ಹೆಂಡತಿ ಅಕ್ಕಿ ಆರಿಸುತ್ತ ತನಗೆ ತಾನೇ ಹೇಳಿಕೊಂಡಳು. ಈಜು ಬರುವವನಿಗೆ ದೋಣಿ ಯಾಕೆ ಬೇಕು ಎಂದು ನಾನು ಕೇಳಿದೆ. ಅವಳು ಮೊರದಿಂದ ಒಂದು ಕಲ್ಲು ಹೆಕ್ಕಿ ಅಂಗಳಕ್ಕೆ ಎಸೆದಳು.

ನಮ್ಮೂರು ಹಿರಿಯೂರಿನ ಕಡೆ, ಮಾರಿಕಣಿವೆ ಹಿನ್ನೀರಿನ ಈ ದಡದಲ್ಲಿದೆ. ನನ್ನ ಅಕ್ಕ ಗಿರಿಜಕ್ಕನನ್ನು ಕೊಟ್ಟಿರುವುದು ಹೊಸದುರ್ಗದ ಕಡೆ, ಆ ದಡದ ಊರಿಗೆ. ಅವಳ ಮದುವೆಯ ಕಾಲಕ್ಕೆ ನೀರು ತೀರಾ ಹಿಂದೆ ಸರಿದು, ಜನ ಜಲಾಶಯದ ಒಡಲಲ್ಲೇ ಶೇಂಗಾ ಬಿತ್ತುತ್ತಿದ್ದರು. ದಿಬ್ಬಣ ಆ ಹೊಲಗಳ ನಡುವೆ ನಡೆದೇ ಹೋಯಿತು. ಆಮೇಲೂ ಎಷ್ಟೋ ವರ್ಷ, ನನಗೆ ಅಕ್ಕನ ನೆನಪಾದಾಗಲೆಲ್ಲ ಒಂದು ಟವೆಲ್ ಹೆಗಲಿಗೆ ಹಾಕಿಕೊಂಡು ಅದೇ ದಾರಿಯಲ್ಲಿ ನಡೆದುಬಿಡುತ್ತಿದ್ದೆ. ಅವಳ ಮನೆಯ ರೊಟ್ಟಿಯ ಬಿಸಿ ಆರುವುದರೊಳಗೆ ತಲುಪುವಷ್ಟು ಹತ್ತಿರ ಎಂದು ಭಾವ ತಮಾಷೆ ಮಾಡುತ್ತಿದ್ದರು.

ಆಮೇಲೆ ನೀರು ಬಂತು. ಕೋಡಿ ಬಿದ್ದ ದಿನ ಜಿಲ್ಲೆಗೆ ಜಿಲ್ಲೆಯೇ ಹೋಗಿ ನೋಡಿತು. ನಾನೂ ಹೋಗಿ ಕೈಮುಗಿದೆ, ಕಣ್ಣಲ್ಲಿ ನೀರೂ ಬಂತು. ಮನೆಗೆ ಬಂದು ನೋಡಿದರೆ ಅಕ್ಕನ ಊರಿನ ದಾರಿ ಇರಲಿಲ್ಲ. ಈಗ ಹಿರಿಯೂರಿಗೊಂದು ಬಸ್ಸು, ಹೊಸದುರ್ಗಕ್ಕೊಂದು, ಅಲ್ಲಿಂದ ಅವಳೂರಿಗೆ ಇನ್ನೊಂದು. ಹೊರಟವನು ತಲುಪುವ ಹೊತ್ತಿಗೆ ಅರ್ಧ ದಿನ ಕಳೆದಿರುತ್ತದೆ. ಈ ಸಂಕಟವನ್ನು ಯಾರ ಹತ್ತಿರ ಹೇಳುವುದು? ಜೀವಮಾನವೆಲ್ಲ ನೀರಿಲ್ಲವೆಂದು ಗೋಳಾಡಿದವನು ನೀರು ಬಂತೆಂದು ಗೋಳಾಡಿದರೆ ಬಾಯಲ್ಲಿ ಹುಳ ಬೀಳುತ್ತದೆ. ಮಂಡಿ ನೋವಿನಿಂದ ಅಕ್ಕನಿಗೆ ಬಸ್ಸು ಹತ್ತಲಾಗುವುದಿಲ್ಲ. ಅವ್ವ ಹೋದ ಮೇಲೆ ನನ್ನನ್ನು ‘ಲೇ’ ಎಂದು ಕರೆಯುವವಳು ಅವಳೊಬ್ಬಳೇ. ವಾರಕ್ಕೊಮ್ಮೆ ಹೋಗುತ್ತಿದ್ದವನು ತಿಂಗಳಿಗೊಮ್ಮೆ, ಎರಡು ತಿಂಗಳಿಗೊಮ್ಮೆ ಹೋಗುವವನಾಗಿಬಿಟ್ಟಿದ್ದೆ.

ನಮ್ಮ ಬಯಲುಸೀಮೆಯವರಿಗೆ ದೋಣಿ ಗೊತ್ತೇ ಇಲ್ಲವೆನ್ನಲಾಗದು. ಪ್ರವಚನಗಳಲ್ಲಿ ಬೇಕಾದಷ್ಟು ದೋಣಿಗಳನ್ನು ಕಂಡಿದ್ದೇವೆ. ಸಂಸಾರ ಸಾಗರ, ಗುರು ಅಂಬಿಗ, ಆಚೆ ದಡವೇ ಮುಕ್ತಿ. ಮಳೆ ಕಾಣದ ಶ್ರಾವಣದಲ್ಲಿ ಚಾಪೆಯ ಮೇಲೆ ಕೂತು ನಾವು ಈ ಸಾಗರವನ್ನು ಎಷ್ಟು ಸಲ ದಾಟಿಲ್ಲ! ಆದರೆ ಆ ದೋಣಿಗೆ ಮೋಟಾರು ಇತ್ತೇ, ಎಷ್ಟು ಎಣ್ಣೆ ಕುಡಿಯುತ್ತಿತ್ತು, ಗಾಳಿ ಎದ್ದರೆ ಗತಿಯೇನು ಎಂದು ಯಾವ ಪುರಾಣಿಕರೂ ಹೇಳಲಿಲ್ಲ.

ದೋಣಿಯ ಒಡೆಯ ಅಪ್ಪಾರಾವ್. ಮೀನು ಹಿಡಿಯಲು ಆಂಧ್ರದಿಂದ ಬಂದು ದಡದಲ್ಲೇ ಗುಡಿಸಲು ಹಾಕಿಕೊಂಡಿದ್ದವನು, ಈಗ ತನ್ನೂರಿಗೆ ಮರಳುವ ತಯಾರಿಯಲ್ಲಿದ್ದ. ಯಾರನ್ನಾದರೂ ಸುಲಭವಾಗಿ ನಂಬಿಬಿಡುವ ಮನುಷ್ಯ. “ನಿಧಾನಂಗಾ ನೋಡ್ಕಳ್ಳಿ ಸಾರ್” ಎಂದು ಮೋಟಾರನ್ನು ಬಿಚ್ಚಿ ನಮ್ಮ ಮನೆಯಲ್ಲೇ ಇಟ್ಟು ಹೋದ. ಅದೇ ತಪ್ಪಾಯಿತು.

ನಮ್ಮಲ್ಲಿ ಒಂದು ಪದ್ಧತಿಯಿದೆ. ಕೊಳವೆಬಾವಿಗೆ ಮೋಟಾರು ಬಿಡುವ ಮೊದಲು ಮೇಲೆ ಒಂದು ಸಲ ಓಡಿಸಿ ನೋಡಲೇಬೇಕು. ಒಮ್ಮೆ ಕೆಳಗೆ ಇಳಿದ ಮೋಟಾರನ್ನು ಮತ್ತೆ ಎತ್ತಬೇಕಾದರೆ ಮೈಯೆಲ್ಲ ಬೆವರು. ಹಾಗಾಗಿ ನಾನು ಪಂಪ್‌ಸೆಟ್ ರಿಪೇರಿಯ ತಿಪ್ಪೇಶನನ್ನು ಕರೆಸಿದೆ. “ನೀರೆತ್ತಾ ಮೋಟ್ರು ಸಾವ್ರ ನೋಡೀನಿ ಡಾಕ್ಟ್ರೆ, ಇದ್ಯಾವ ಲೆಕ್ಕ” ಎಂದ. ನಾನು ಡಾಕ್ಟರಲ್ಲ, ದನದ ಆಸ್ಪತ್ರೆಯ ನಿವೃತ್ತ ಕಾಂಪೌಂಡರ್. ಊರವರು ಕೊಟ್ಟ ಬಡ್ತಿಯನ್ನು ನಾನು ತಿರಸ್ಕರಿಸಿಲ್ಲ, ಅಷ್ಟೆ.

ಮೋಟಾರನ್ನು ಕೊಟ್ಟಿಗೆಯ ಗೋದಲಿಯ ಹಲಗೆಗೆ ಬಿಗಿದೆವು. ಬೈದುಕೊಂಡಿದ್ದ ಹೆಂಡತಿಯೇ ಬಂದು ಅದಕ್ಕೆ ವಿಭೂತಿ ಹಚ್ಚಿದಳು. ತಿಪ್ಪೇಶ ಹಗ್ಗ ಎಳೆದ. ಆರನೆಯ ಎಳೆತಕ್ಕೆ ಅದು ಗುಡುಗಿತು. ಹಸು ಕಣ್ಣಿ ಕಿತ್ತುಕೊಂಡು ಹೊರಗೆ ಓಡಿತು, ಊರವರು ಒಳಗೆ ಓಡಿಬಂದರು. ‘ಸೌಂಡು ಚೆನ್ನಾಗೈತೆ’ ಎಂದು ಎಲ್ಲರೂ ತಲೆದೂಗಿದರು. ಇಷ್ಟು ಜನ ನೋಡುತ್ತಿರುವಾಗ ನಿಲ್ಲಿಸುವುದು ಹೇಗೆ? ನಾನು ಅಭ್ಯಾಸಬಲದಿಂದ ಅದರ ಮೈ ಮುಟ್ಟಿ ನೋಡಿದೆ. ಸುಡುತ್ತಿತ್ತು. ಹೊಸ ಜಾಗ, ಒಗ್ಗಿಕೊಳ್ಳಲಿ ಎಂದೆ. ಸ್ವಲ್ಪ ಹೊತ್ತಿಗೆ ರಬ್ಬರು ಸುಟ್ಟ ವಾಸನೆ ಬಂತು.

ಅಪ್ಪಾರಾವ್ ಬಂದು ಬಿಚ್ಚಿ ನೋಡಿ ತಲೆಯ ಮೇಲೆ ಕೈ ಇಟ್ಟುಕೊಂಡ. ಅಂಥ ಮೋಟಾರಿನೊಳಗೆ ಒಂದು ರಬ್ಬರ್ ಚಕ್ರವಿರುತ್ತದಂತೆ. ಅದು ಕೆಳಗಿನ ನೀರನ್ನು ಸೇದಿ ಎಂಜಿನ್ನನ್ನು ತಣ್ಣಗಿಡುತ್ತದಂತೆ. “ನೀರಲ್ಲಿ ಮುಳುಗಿಸ್ದೆ ಓಡಿಸ್ಬಾರ್ದು ಸಾರ್, ಇದು ನೀರು ಕುಡೀತಾನೇ ಇರ್ಬೇಕು” ಎಂದ. ನಾನು ಬೇರೆ ಚಕ್ರ ತರಿಸಿಕೊಟ್ಟೆ. ಬಾವಿ ಬತ್ತಿ ಮೋಟಾರು ಸುಟ್ಟವರು ನಮ್ಮ ಸೀಮೆಯಲ್ಲಿ ಮನೆಗೊಬ್ಬರಿದ್ದಾರೆ. ಎದುರಿಗೆ ಕಣ್ಣು ಹಾಯುವಷ್ಟು ನೀರು ತುಂಬಿ ನಿಂತಿರುವಾಗ ನೀರಿಲ್ಲದೆ ಮೋಟಾರು ಸುಟ್ಟವನು ಬಹುಶಃ ನಾನೊಬ್ಬನೇ.

ಚಕ್ರ ಕೂರಿಸಿದ ಮೇಲೆ ಅಪ್ಪಾರಾವ್ ಒಂದು ಬೆಳಿಗ್ಗೆ ನನ್ನನ್ನು ಅಕ್ಕನ ಊರಿಗೇ ಕರೆದೊಯ್ದ. ಎರಡೂ ಕೈಯಲ್ಲಿ ಅಂಚು ಹಿಡಿದು, ಗೊತ್ತಿದ್ದ ದೇವರನ್ನೆಲ್ಲ ಕರೆಯುತ್ತ ಕೂತಿದ್ದೆ. ಅವರೆಲ್ಲರೂ ಬಂದು ಸೇರುವುದರೊಳಗೆ ಆ ದಡ ಬಂದೇಬಿಟ್ಟಿತು. ಅರ್ಧ ದಿನದ ದಾರಿ ಅರ್ಧ ಗಂಟೆಯಲ್ಲಿ ಮುಗಿದಿತ್ತು. ನನಗೆ ಹಿಗ್ಗೋ ಹಿಗ್ಗು.

ಅಕ್ಕ ಜಗುಲಿಯಲ್ಲಿ ಕಾಲು ಚಾಚಿ ಕೂತಿದ್ದಳು. “ಬಂದ್ಯೇನೋ, ಕುಂತ್ಕ” ಎಂದು ಗೋಡೆ ಹಿಡಿದು ಎದ್ದು ಒಳಗೆ ಹೋದಳು. ನಾನು ಕೂತೆ, ಆದರೆ ಕಣ್ಣು ಹೊರಗಿನ ಮರದ ತುದಿಯ ಮೇಲಿತ್ತು. ಹೊತ್ತೇರಿದರೆ ನೀರಿನ ಮೇಲೆ ಗಾಳಿ ಏಳುತ್ತದೆ, ಅಷ್ಟರಲ್ಲಿ ಹೊರಡಬೇಕೆಂದು ಅಪ್ಪಾರಾವ್ ಹೇಳಿದ್ದ. ಅಕ್ಕ ಚಹಾ ತಂದುಕೊಟ್ಟು, ಮತ್ತೆ ಒಲೆಯ ಮುಂದೆ ಕೂತು ಅಲ್ಲಿಂದಲೇ ಮಂಡಿಯ ವಿಷಯ ಹೇಳುತ್ತಿದ್ದಳು. ನಾನು ಹೂಂ ಎನ್ನುತ್ತ ಎಲೆ ಅಲ್ಲಾಡುತ್ತಿದೆಯೇ ಎಂದು ನೋಡುತ್ತಿದ್ದೆ. ಅಷ್ಟರಲ್ಲಿ ಅಪ್ಪಾರಾವ್ ಬಾಗಿಲಲ್ಲಿ ನಿಂತು “ಹೋಗೋಣ ಸಾರ್” ಎಂದ. ನಾನು ಚಹಾ ಮುಗಿಸಿ ಎದ್ದೆ. ಹೊಗೆಯಾಡುತ್ತಿದ್ದ ಒಲೆಯ ಮೇಲೆ ರೊಟ್ಟಿಯ ಹಂಚು ಆಗತಾನೇ ಏರಿತ್ತು.

“ದೋಣಿ ತಗಳ್ಳೇನಕ್ಕ?” ಎಂದು ಕೇಳಿದೆ. ಹೂಂ ಎನ್ನುತ್ತಾಳೆ ಎಂದೇ ನಂಬಿದ್ದೆ.

ಅಕ್ಕ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡಳು. “ನಿನ್ನ ದುಡ್ಡು, ನಿನ್ನಿಷ್ಟ ಕಣಪ್ಪ. ಆದ್ರೆ ಬಸ್ಸಿಗೆ ಬಂದ್ರೆ ಸಂಜಿಕೆ ವಾಪಸ್ಸು ಬಸ್ಸಿಲ್ಲ ಅಂತ ಉಳ್ಕಂತಿದ್ದೆ. ಎಲ್ಡು ದಿನ ಇರ್ತಿದ್ದೆ. ಇವತ್ತು ನಿನ್ನ ಮುಖಾನೂ ಸರ್ಯಾಗಿ ನೋಡ್ಲಿಲ್ಲ ಕಣೋ.”

ಮರಳುವಾಗ ನಾನು ಅಂಚು ಹಿಡಿಯುವುದನ್ನೂ ಮರೆತಿದ್ದೆ. ಕುದುರೆ ಕಂಡರೆ ಕಾಲು ನೋವು ಎಂಬ ಗಾದೆ ನನ್ನನ್ನು ನೋಡಿಯೇ ಹುಟ್ಟಿರಬೇಕು. ಮೂರು ಬಸ್ಸಿನ ಮೇಲೆ ತಪ್ಪು ಹೊರಿಸಿ ಆರಾಮಾಗಿ ಮನೆಯಲ್ಲಿ ಕೂತಿದ್ದೆನಲ್ಲ, ದಾರಿ ಇಷ್ಟು ಉದ್ದವಾದದ್ದು ನೀರಿನಿಂದ ಮಾತ್ರವೇ? ನಾಚಿಕೆಯಾಯಿತು. ಈ ದಡದಲ್ಲಿ ಇಳಿದವನೇ ಅಪ್ಪಾರಾವ್‌ಗೆ ದೋಣಿ ಬೇಡವೆಂದೆ. ಅವನಿಗೆ ಬೇಸರವಾಗಲಿಲ್ಲ. “ಮೀಕು... ನಿಮಗೆ ಅಕ್ಕ ಇದ್ದಾರೆ ಸಾರ್, ಹೋಗ್ತಾ ಇರಿ” ಎಂದ.

ಮುಂದಿನ ಸೋಮವಾರ ಮೊದಲ ಬಸ್ಸಿಗೇ ಹೊರಟೆ. ಚೀಲದಲ್ಲಿ ಎರಡು ಜೊತೆ ಬಟ್ಟೆ ಇಟ್ಟುಕೊಂಡಿದ್ದೆ. ಹೆಂಡತಿ ಅದನ್ನು ನೋಡಿ, ಮೂರನೆಯದೊಂದನ್ನು ಮಡಿಸಿ ತುರುಕಿದಳು.